ಆರನೆಯ ಸಾಲು

ಮಾಲೂರಿನ ಬಸ್ ನಿಲ್ದಾಣದಲ್ಲಿ ಮಾಸ್ತಿಯ ಬಸ್ಸು ಬಂದು ನಿಲ್ಲುವ ಹುಣಿಸೆಮರದ ಬುಡಕ್ಕೆ ತಲುಪಿದ ಮೇಲೆ ಚನ್ನರಾಯಪ್ಪನವರಿಗೆ ತಮ್ಮ ಬಲಗೈ ಏನನ್ನೋ ಮರೆತು ಬಂದಂತೆ ಅನ್ನಿಸತೊಡಗಿತು. ಎಡಗೈಯಲ್ಲಿ ಬಾಳೆಹಣ್ಣಿನ ಚೀಲವಿತ್ತು. ಬಲಗೈಯಲ್ಲಿ ಏನೂ ಇರಲಿಲ್ಲ. ಐದು ವರ್ಷ ಅವರು ಈ ಮರದ ಕೆಳಗೆ ಬಂದದ್ದೆಲ್ಲ ಬಲಗೈಯಲ್ಲೊಂದು ಕ್ಯಾಸೆಟ್ಟು ಹಿಡಿದು, ಅದನ್ನು ಕಂಡಕ್ಟರ್ ಕದಿರೇಶನಿಗೆ ಕೊಟ್ಟು ಹಿಂದಿರುಗಲು ಮಾತ್ರ. ತಾವೇ ಬಸ್ಸು ಹತ್ತಿದ್ದು ಎರಡು ಸಲವೋ ಮೂರು ಸಲವೋ. ಈಗ ಹತ್ತಬೇಕಾಗಿದೆ. ಆ ಕ್ಯಾಸೆಟ್ಟುಗಳು ಹೋಗಿ ಸೇರುತ್ತಿದ್ದ ಮಾಸ್ತಿಯ ಗೆಳೆಯ ಮುನಿರಾಮಪ್ಪ ತೀರಿಕೊಂಡು ಒಂದು ತಿಂಗಳಾಗಿತ್ತು. ಹನ್ನೊಂದನೆಯ ದಿನಕ್ಕೆ ಚನ್ನರಾಯಪ್ಪ ಹೋಗಿರಲಿಲ್ಲ. ತಮ್ಮ ಹೆಂಡತಿಯ ವರ್ಷದ ತಿಥಿ ಮುಗಿಯಲು ಇನ್ನೂ ಕೆಲವು ದಿನ ಉಳಿದಿದ್ದವು, ಒಂದು ಸಾವಿನ ವರ್ಷ ತುಂಬುವ ಮುಂಚೆ ಇನ್ನೊಂದು ಸಾವಿನ ಮನೆಯ ಊಟ ಉಣ್ಣಬಾರದು ಎಂದು ಕದಿರೇಶನ ಕೈಯಲ್ಲೇ ಹೇಳಿ ಕಳಿಸಿದ್ದರು. ಆ ಮಾತು ಶಾಸ್ತ್ರವೋ ತಾವು ಕಟ್ಟಿಕೊಂಡದ್ದೋ ಎಂದು ಈಗ ಅವರಿಗೇ ಗೊತ್ತಿರಲಿಲ್ಲ. ಮೊನ್ನೆ ತಿಥಿ ಮುಗಿಯಿತು. ಇನ್ನು ಹೇಳಲು ಕಾರಣವಿರಲಿಲ್ಲ. ಅಷ್ಟರಲ್ಲಿ ಮುನಿರಾಮಪ್ಪನ ಹೆಂಡತಿ ವೆಂಕಟರತ್ನಮ್ಮನೇ ಹೇಳಿ ಕಳಿಸಿದಳು: ನಿಮ್ಮ ಕ್ಯಾಸೆಟ್ಟುಗಳು ಇಲ್ಲೇ ಉಳಿದಿವೆ, ಬಂದು ತಗೊಂಡು ಹೋಗಿ ಅಣ್ಣ.

ಬಸ್ಸು ಬಂದಿತು. ಕದಿರೇಶ ಮೆಟ್ಟಿಲ ಮೇಲೆ ನಿಂತೇ ಅಭ್ಯಾಸಬಲದಿಂದ ಕೈ ಚಾಚಿದ. ಚನ್ನರಾಯಪ್ಪನವರು ಆ ಕೈಯನ್ನು ನೋಡಿದರು. ಅವನಿಗೂ ತಿಳಿಯಿತೇನೋ, ಚಾಚಿದ ಕೈಯಲ್ಲೇ ಅವರ ರಟ್ಟೆ ಹಿಡಿದು ಮೇಲೆ ಹತ್ತಿಸಿಕೊಂಡ. "ಮುಂದೆ ಕೂತ್ಕೊಳ್ಳಿ ಸ್ವಾಮಿ, ಹಿಂದೆ ಎತ್ತಿ ಹಾಕ್ತದೆ" ಎಂದ.

ಊರಾಚೆಯ ಹೆಂಚಿನ ಕಾರ್ಖಾನೆಗಳ ಹೊಗೆಕೊಳವೆಗಳು ಹಿಂದೆ ಸರಿದು ನೀಲಗಿರಿ ತೋಪುಗಳು ಶುರುವಾದವು. ಆ ತೋಪಿನ ವಾಸನೆಯೊಡನೆ ಅವರಿಗೆ ನೆನಪಾದದ್ದು ರೆಕಾರ್ಡಿಂಗ್ ಅಂಗಡಿಯ ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ. ಎಂಬತ್ತೆರಡರಲ್ಲಿ ಮಾಲೂರಿನ ಪೇಟೆಯಲ್ಲಿ ಹೊಸದಾಗಿ ಆ ಅಂಗಡಿ ತೆರೆದಿತ್ತು. ಬೇಕಾದ ಹಾಡುಗಳ ಪಟ್ಟಿ ಬರೆದು ಖಾಲಿ ಕ್ಯಾಸೆಟ್ಟು ಕೊಟ್ಟರೆ ನಾಲ್ಕು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ಚನ್ನರಾಯಪ್ಪನವರು ಆಗ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕಿಟಕಿಯಿಂದ ನಿವೃತ್ತರಾಗಿ ಎರಡು ತಿಂಗಳಾಗಿತ್ತು. ಹೊತ್ತು ಹೋಗದೆ ಪಟ್ಟಿ ಬರೆದಿದ್ದರು. ಮನೆಗೆ ಬಂದು ಹಾಕಿದರೆ ಅವರ ಪಟ್ಟಿಯ ಒಂದು ಹಾಡೂ ಅದರಲ್ಲಿಲ್ಲ. ಯಾರೋ ಹೆಂಗಸು, ಒಡೆದ ಗಂಟಲು, ತಾಳ ತಪ್ಪುವ ಭಜನೆ. ಸಿಟ್ಟಿನಿಂದ ಅಂಗಡಿಗೆ ಹೋದರೆ ಅಲ್ಲಿ ಇನ್ನೊಬ್ಬರು ಇದೇ ಸಿಟ್ಟಿನಿಂದ ನಿಂತಿದ್ದರು. ಮೊಣಕಾಲವರೆಗಿನ ಪಂಚೆ, ಹೆಗಲ ಮೇಲೆ ಟವಲು, ಬೆರಳುಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಕರೆ. "ನನ್ನ ಮುತ್ಯಾಲಮ್ಮನ್ನ ಯಾವನೋ ತಗೊಂಡು ಹೋಗವ್ನೆ ಕಣಯ್ಯ, ನಂಗೆ ಈ ಮೂಗಲ್ಲಿ ಹಾಡೋ ದಾಸಪ್ಪನ್ನ ಕೊಟ್ಟಿದೀಯ" ಎಂದು ಅಂಗಡಿಯವನನ್ನು ಬೈಯುತ್ತಿದ್ದರು. ಮೂಗಲ್ಲಿ ಹಾಡುವ ಆ ದಾಸಪ್ಪ ಚನ್ನರಾಯಪ್ಪನವರ ಮನಸ್ಸಿಗೆ ದೇವರಂತಿದ್ದ ಶ್ರೀನಿವಾಸಪುರದ ವೆಂಕಟರಮಣಪ್ಪ ದಾಸರು. ಮುತ್ಯಾಲಮ್ಮ ಮುಳಬಾಗಿಲ ಕಡೆಯ ಒಂದು ಭಜನೆ ಮೇಳದವಳು. ಯಾರೋ ಗುಡಿಯ ಕಂಬಕ್ಕೆ ಟೇಪ್ ರೆಕಾರ್ಡರ್ ಒರಗಿಸಿಟ್ಟು ಹಿಡಿದದ್ದು. ಇಬ್ಬರೂ ಕ್ಯಾಸೆಟ್ಟು ಅದಲುಬದಲು ಮಾಡಿಕೊಳ್ಳಲು ಹೋಗಿ, ಒಂದು ಕಾಫಿ ಕುಡಿದು, ಕೊನೆಗೆ ಮಾಡಿಕೊಳ್ಳದೆಯೇ ಹೊರಟರು. "ಒಂದು ವಾರ ನಿಮ್ಮ ದಾಸಪ್ಪ ನಮ್ಮನೇಲಿರ್ಲಿ, ನಮ್ಮ ಮುತ್ಯಾಲಮ್ಮ ನಿಮ್ಮನೇಲಿರ್ಲಿ. ಯಾರು ಯಾರನ್ನ ಸಹಿಸ್ಕೊಳ್ತಾರೋ ನೋಡಾನ" ಎಂದಿದ್ದರು ಮುನಿರಾಮಪ್ಪ.

ಅಲ್ಲಿಂದ ಒಂದು ಪದ್ಧತಿ ಬೆಳೆಯಿತು. ಕ್ಯಾಸೆಟ್ಟಿನ ಒಂದು ಮಗ್ಗುಲನ್ನು ಒಬ್ಬರು ತುಂಬುವುದು, ಇನ್ನೊಂದು ಮಗ್ಗುಲನ್ನು ಖಾಲಿ ಬಿಟ್ಟು ಬಸ್ಸಿನಲ್ಲಿ ಕಳಿಸುವುದು. ಪಡೆದವರು ಕೇಳಿ, ಆ ಖಾಲಿ ಮಗ್ಗುಲನ್ನು ತಮ್ಮ ಹಾಡುಗಳಿಂದ ತುಂಬಿ ಹಿಂದಕ್ಕೆ ಕಳಿಸುವುದು. ಡಬ್ಬಿಯೊಳಗಿನ ಕಾರ್ಡಿನಲ್ಲಿ ಒಂದರಿಂದ ಆರರವರೆಗೆ ಅಂಕಿ ಹಾಕಿ ಹಾಡಿದವರ ಹೆಸರು ಬರೆದಿರಬೇಕು. ಎದುರಿನ ಜಾಗದಲ್ಲಿ ಕೇಳಿದವರು ತಮಗೆ ಅನ್ನಿಸಿದ್ದನ್ನು ಒಂದೇ ಮಾತಿನಲ್ಲಿ ಬರೆಯಬೇಕು, ಮುಲಾಜು ಕೂಡದು. ಮುನಿರಾಮಪ್ಪ ಆರನೆಯ ಸಾಲಿನಲ್ಲಿ ಯಾವಾಗಲೂ ಮುತ್ಯಾಲಮ್ಮನನ್ನೇ ಕೂರಿಸುತ್ತಿದ್ದರು. ಚನ್ನರಾಯಪ್ಪನವರು ಅದರ ಎದುರಿಗೆ ಯಾವಾಗಲೂ ಬರೆಯುತ್ತಿದ್ದದ್ದು ಒಂದೇ: "ಶ್ರುತಿ ಇಲ್ಲ. ಇವರನ್ನು ಇನ್ನು ಕಳಿಸಬೇಡಿ." ಮುಂದಿನ ಸಲ ಮುತ್ಯಾಲಮ್ಮ ತಪ್ಪದೆ ಬರುತ್ತಿದ್ದಳು. ಅದು ಇಬ್ಬರ ನಡುವಿನ ನಗೆಯಾಗಿತ್ತು. ಒಮ್ಮೆ ಮಾತ್ರ ಚನ್ನರಾಯಪ್ಪನವರು ನಿಜವಾದ ಒಂದು ದೂರು ಬರೆದಿದ್ದರು, ನೀವು ಮನೆಯಲ್ಲಿ ರೇಡಿಯೋದಿಂದ ಹಿಡಿದ ಹಾಡುಗಳ ಹಿಂದೆಲ್ಲ ಮಳೆ ಹುಯ್ದಂತೆ ಸದ್ದು ಬರುತ್ತದೆ, ಟೇಪಿನ ತಲೆ ಒರಸಿ ಎಂದು. ಅದಕ್ಕೆ ಉತ್ತರ ಬಂದಿರಲಿಲ್ಲ.

ಸಂತೆಗೋ ಕಚೇರಿಗೋ ಮಾಲೂರಿಗೆ ಬಂದಾಗ ಮುನಿರಾಮಪ್ಪ ಮನೆಗೆ ಬಂದು ಉಂಡು ಹೋಗುತ್ತಿದ್ದರು. ಚನ್ನರಾಯಪ್ಪನವರ ಹೆಂಡತಿ ಭಾರತಮ್ಮ ಬಡಿಸುತ್ತಿದ್ದಳು. ಅವಳ ತೌರು ಮುಳಬಾಗಿಲಿನಾಚೆ, ಆಂಧ್ರದ ಗಡಿಗೆ ಒರಗಿಕೊಂಡ ಊರು. ಮದುವೆಯಾಗಿ ನಲವತ್ತು ವರ್ಷವಾದರೂ ಅವಳು ಹಾಡುವುದು, ಗದರುವುದು, ದೇವರ ಹತ್ತಿರ ಬೇಡುವುದು ಎಲ್ಲ ತೆಲುಗಿನಲ್ಲಿ. ಹಾಡುವುದೆಂದರೆ ಹಾಡುವುದೂ ಅಲ್ಲ. ಮುದ್ದೆ ಕಟ್ಟುತ್ತ, ಸಾರು ಬಡಿಸುತ್ತ ಗಂಟಲೊಳಗೇ ಹರಿದಾಡುವ ಒಂದೇ ಒಂದು ಹಾಡು, ಮಲಗಿದ ಸ್ವಾಮಿಯನ್ನು ಊಟಕ್ಕೆ ಎಬ್ಬಿಸುವ ಹಾಡು. ಐದೂರಿನ ದಾಸರನ್ನು ಕ್ಯಾಸೆಟ್ಟಿನಲ್ಲಿ ಕೂಡಿಟ್ಟ ಚನ್ನರಾಯಪ್ಪನವರಿಗೆ ಅದು ಹಾಡು ಎಂದು ಯಾವತ್ತೂ ತೋರಿರಲಿಲ್ಲ. ನಲ್ಲಿಯ ನೀರಿನ ಸದ್ದಿನ ಹಾಗೆ ಅದು ಮನೆಯಲ್ಲಿತ್ತು. ಮುನಿರಾಮಪ್ಪನೇ ಒಂದು ಸಲ ಕೈ ತುತ್ತಿನ ಮೇಲಿಟ್ಟುಕೊಂಡು, "ಅಕ್ಕಯ್ಯ, ಇದನ್ನೊಂದ್ಸಲ ಟೇಪಿಗೆ ಹಾಡಮ್ಮ" ಎಂದಾಗ ಭಾರತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಚನ್ನರಾಯಪ್ಪನವರು, "ಅವಳಿಗೇನು ಬರುತ್ತೆ ಬಿಡ್ರೀ, ಸಾರು ಹಾಕಿಸ್ಕೊಳ್ಳಿ" ಎಂದಿದ್ದರು. ಬಸ್ಸು ಒಂದು ಹಳ್ಳಕ್ಕೆ ಇಳಿದು ಎದ್ದಿತು. ಬಾಳೆಹಣ್ಣಿನ ಚೀಲ ತೊಡೆಯಿಂದ ಜಾರಿತು. ಅದನ್ನು ಹಿಡಿದುಕೊಂಡು ಅವರು ಹೊರಗೆ ನೋಡಿದರು. ಬಿಡ್ರೀ ಎಂದ ಮೇಲೆ ಅವಳು ಒಳಗೆ ಹೋಗಿ ಸಾರು ತಂದಿದ್ದಳು.

ಅವಳು ಹೋದದ್ದು ಹಿಂದಿನ ವರ್ಷದ ಆಷಾಢದಲ್ಲಿ. ಚನ್ನರಾಯಪ್ಪನವರು ಟೇಪ್ ರೆಕಾರ್ಡರಿನ ಮೇಲೆ ಮಡಿಬಟ್ಟೆಯೊಂದನ್ನು ಮುಚ್ಚಿದರು. ವರ್ಷ ತುಂಬುವವರೆಗೆ ಈ ಮನೆಯಲ್ಲಿ ಹಬ್ಬವಿಲ್ಲ, ಸಂಗೀತವಿಲ್ಲ ಎಂದು ತಿಥಿಗೆ ಬಂದವರ ಮುಂದೆ ಹೇಳಿದ್ದರು. ಹೇಳುವಾಗ ಭಕ್ತಿಯಿಂದಲೇ ಹೇಳಿದ್ದು. ಆಮೇಲೆ ದೇವರ ದೀಪದ ಮುಂದೆ ಒಬ್ಬರೇ ಕೂತಾಗ, ಇದು ವ್ರತವಲ್ಲ, ಹೆದರಿಕೆ ಎಂದು ಗೊತ್ತಾಯಿತು. ಯಾವ ಹಾಡು ಹಾಕಿದರೂ ಅದು ಮುಗಿದ ಮೇಲೆ ಅಡಿಗೆಮನೆಯಿಂದ ಏನೂ ಕೇಳಿಸುವುದಿಲ್ಲ, ಅದಕ್ಕೆ ಹೆದರಿಕೆ. ಮೂರು ತಿಂಗಳ ಮೇಲೆ ಮುನಿರಾಮಪ್ಪನಿಂದ ಒಂದು ಕ್ಯಾಸೆಟ್ಟು ಬಂದಿತು. ಜೊತೆಗೆ ಒಂದು ಚೀಟಿ: "ಟಿಕೆಟ್ ಸ್ವಾಮಿಗಳಿಗೆ, ಒಂದ್ಸಲ ಕೇಳಿ. ಕೊನೆಯವರೆಗೂ ಕೇಳಿ." ಕ್ಯಾಸೆಟ್ಟು ಮಡಿಬಟ್ಟೆಯ ಪಕ್ಕದಲ್ಲಿ ಮೂರು ವಾರ ಕೂತಿತು. ಕೇಳುವುದಿಲ್ಲ ಎಂದು ಬರೆದುಬಿಡಬಹುದಿತ್ತು. ಬರೆದರೆ ಆ ದಾರಿಯೂ ಮುಚ್ಚಿಹೋಗುತ್ತದೆ, ಹುಣಿಸೆಮರದ ಕೆಳಗೆ ಕದಿರೇಶ ತಮ್ಮನ್ನು ಕೂಗುವುದೂ ನಿಂತುಹೋಗುತ್ತದೆ. ಕದಿರೇಶ ಎರಡು ಸಲ ಕೇಳಿದ: "ಮಾಸ್ತಿಯೋರು ದಿನಾ ಬಸ್ಸಿನ ಹತ್ರ ಬಂದು ನಿಂತ್ಕೊಳ್ತಾರೆ ಸ್ವಾಮಿ, ಹುಡುಗನಿಗೆ ಪರೀಕ್ಷೆ ಬರೆಸಿ ರಿಸಲ್ಟ್ ಕಾಯೋರ ಥರ." ಮರುದಿನ ಬೆಳಗ್ಗೆ ಕ್ಯಾಸೆಟ್ಟು ತೆಗೆದುಕೊಂಡು ಹೋದರು. ಬಸ್ಸಿನ ಎಂಜಿನ್ನು ಗುರುಗುಡುತ್ತಿತ್ತು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಕಾರ್ಡನ್ನು ಮೊಣಕಾಲ ಮೇಲಿಟ್ಟು, ಮಬ್ಬಾಗಿ ಕಾಣುವ ಅಂಕಿಗಳ ಎದುರಿಗೆ ಅಂದಾಜಿನಲ್ಲಿ ಬರೆದರು. ಒಂದು, ಚೆನ್ನ. ಎರಡು, ಚೆನ್ನ. ಮೂರು, ಲಯ ಗಟ್ಟಿ. ನಾಲ್ಕು, ಐದು, ಪರವಾಗಿಲ್ಲ. ಆರನೆಯದಕ್ಕೆ ಬಂದಾಗ ಒಂದು ಕ್ಷಣ ಎಲ್ಲ ಹಿಂದಿನಂತೆಯೇ ಇದೆ ಅನ್ನಿಸಿ ಮನಸ್ಸು ಹಗುರಾಯಿತು. ಬರೆದರು: "ಶ್ರುತಿ ಇಲ್ಲ. ಇವರನ್ನು ಇನ್ನು ಕಳಿಸಬೇಡಿ." ಇನ್ನೊಂದು ಮಗ್ಗುಲನ್ನು ತುಂಬಿರಲಿಲ್ಲ. ಖಾಲಿಯಾಗಿಯೇ ಕೊಟ್ಟರು. ಆಮೇಲೆ ಮಾಸ್ತಿಯಿಂದ ಕ್ಯಾಸೆಟ್ಟು ಬರಲಿಲ್ಲ. ಬೆಳೆ ಎದ್ದಿದೆ, ಕೈ ಬಿಡುವಿಲ್ಲ ಎಂದು ಒಂದು ಕಾಗದ ಬಂದಿತು. ತಮ್ಮ ವ್ರತದ ಸುದ್ದಿ ಹೇಗೋ ತಿಳಿದು ಮರ್ಯಾದೆಗೆ ಸುಮ್ಮನಾಗಿದ್ದಾರೆ ಎಂದುಕೊಂಡರು. ಸಮಾಧಾನವೂ ಆಯಿತು, ನೋವೂ ಆಯಿತು.

ಮಾಸ್ತಿಯಲ್ಲಿ ಇಳಿದು ಮನೆ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ವೆಂಕಟರತ್ನಮ್ಮ ರೇಷ್ಮೆಹುಳ ಸಾಕುವ ಮನೆಯಲ್ಲಿದ್ದಳು. ಬಾಗಿಲಿಗೇ ಬಂದು, "ಚಪ್ಪಲಿ ಅಲ್ಲೇ ಬಿಡಿ ಅಣ್ಣ. ಹುಳಕ್ಕೆ ಆಗಲ್ಲ, ನಸ್ಯ ಗಿಸ್ಯ ಹಾಕಿಲ್ಲ ತಾನೆ?" ಎಂದಳು. "ಇಲ್ಲಮ್ಮ." "ಹಂಗಾದ್ರೆ ಒಳಗೇ ಬನ್ನಿ. ನಾಲ್ಕನೇ ಜ್ವರ ಎದ್ದವೆ, ಪೊರೆ ಬಿಟ್ಟು ಹಗಲೂ ರಾತ್ರಿ ತಿಂತವೆ, ಈಗ ಬಿಟ್ಟು ಬರಕ್ಕಾಗಲ್ಲ. ದುಃಖ ಇದೆ ಅಂದ್ರೆ ಇವು ಕೇಳ್ತವಾ." ಒಳಗೆ ಕತ್ತಲು, ತಂಪು, ಹಸಿ ಸೊಪ್ಪಿನ ವಾಸನೆ. ಒಂದರ ಮೇಲೊಂದಾಗಿ ಜೋಡಿಸಿದ ಬಿದಿರಿನ ತಟ್ಟೆಗಳಲ್ಲಿ ಬೆರಳುದ್ದದ ಹುಳುಗಳು ತಲೆಯೆತ್ತಿ ತಿನ್ನುತ್ತಿದ್ದವು. ಚನ್ನರಾಯಪ್ಪನವರು ಮಣೆಯ ಮೇಲೆ ಕೂತರು. ಕೂತಮೇಲೆ ಆ ಸದ್ದು ಕೇಳಿಸಿತು. ಮಳೆ ಹುಯ್ದಂತೆ. ಸಾವಿರ ಬಾಯಿಗಳು ಎಲೆ ಕತ್ತರಿಸುವ ಸದ್ದು. ಟೇಪಿನ ತಲೆ ಒರಸಿ ಎಂದು ಬರೆದಿದ್ದು ನೆನಪಾಗಿ ಅವರಿಗೆ ಕಿವಿಯವರೆಗೂ ನಾಚಿಕೆ ಹತ್ತಿತು.

ಅವಳು ಸೊಪ್ಪು ಹಾಕುತ್ತಲೇ ಮಾತಾಡಿದಳು. ಹೊಲಕ್ಕೆ ಹೋದವರು ಸೊಪ್ಪಿನ ಹೊರೆಯ ಪಕ್ಕದಲ್ಲೇ ಕೂತವರು ಏಳಲಿಲ್ಲವಂತೆ. ನೋವು ಗೀವು ಅಂತ ಒಂದು ಮಾತು ಆಡಲಿಲ್ಲವಂತೆ. ಮೂಲೆಯಲ್ಲಿದ್ದ ಬಟ್ಟೆಯ ಚೀಲವನ್ನು ಕಾಲಿನಿಂದಲೇ ಇವರ ಕಡೆಗೆ ಸರಿಸಿ, ತಪ್ಪಾಯಿತೆಂದು ಬಗ್ಗಿ ಕಣ್ಣಿಗೊತ್ತಿಕೊಂಡಳು. "ಎಣಿಸ್ಕೊಳ್ಳಿ. ಮೇಲಿರೋದು ಕೊನೇದು. ಅಣ್ಣ, ನಾನೊಂದು ಮಾತು ಕೇಳ್ಬೇಕು ಅಂತ ಇದ್ದೆ. ಅವರು ಹೆಂಗೆ ಹಾಡಿದ್ರು?"

"ಯಾರು?"

"ಇವ್ರೇ. ಆ ಕ್ಯಾಸೆಟ್ನಾಗೆ. ಭಾರತಕ್ಕ ಹೋದ್ಮೇಲೆ ಟಿಕೆಟ್ ಸ್ವಾಮಿ ಮಂಕಾಗವ್ರೆ ಅಂತ ಇಲ್ಲಿ ಕೂತ್ಕೊಂಡು ಒಂದು ವಾರ ಹಾಡಿದ್ದೇ ಹಾಡಿದ್ದು. ನನ್ನ ಒಳಗೆ ಬಿಡ್ಲಿಲ್ಲ, ನಾಚಿಕೆ. ಹುಳಾನೇ ಕೇಳ್ತವೆ ಸಾಕು ಅಂದ್ರು. ನಲವತ್ತು ವರ್ಷದಾಗೆ ನಾನು ಅವರ ಬಾಯಲ್ಲಿ ಒಂದು ಹಾಡು ಕೇಳಿಲ್ಲ. ನೀವೊಬ್ರೇ ಕೇಳಿರೋದು." ಅವಳು ಸೆರಗಿನಿಂದ ಕೈ ಒರಸಿಕೊಂಡು ಹತ್ತಿರ ಬಂದಳು. "ಕಾರ್ಡಲ್ಲಿ ಬರೆದಿದೀರಲ್ಲ. ನಂಗೆ ಓದಕ್ಕೆ ಬರಲ್ಲ. ಏನು ಬರೆದವ್ರೆ ಅಂತ ಇವರನ್ನ ಕೇಳಿದ್ರೆ, ಮೆಚ್ಕೊಂಡವ್ರೆ ಕಣೇ ಅಂದ್ರು. ಒಂದ್ಸಲ ಓದಿ ಹೇಳಿ ಅಣ್ಣ."

ಚನ್ನರಾಯಪ್ಪನವರು ಡಬ್ಬಿ ತೆರೆದರು. ಈಗ ಕನ್ನಡಕವಿತ್ತು. ಐದು ಸಾಲುಗಳಲ್ಲಿ ಐದು ಹೆಸರುಗಳು ಮುನಿರಾಮಪ್ಪನ ದಪ್ಪ ಅಕ್ಷರದಲ್ಲಿದ್ದವು. ಆರು ಎಂಬ ಅಂಕಿಯ ಮುಂದೆ ಹೆಸರಿರಲಿಲ್ಲ. ಆ ಖಾಲಿ ಜಾಗದ ಎದುರಿಗೆ ತಮ್ಮ ಅಕ್ಷರ ಬಸ್ಸಿನ ಎಂಜಿನ್ನಿನ ನಡುಕವನ್ನು ಹಿಡಿದುಕೊಂಡು ಕೂತಿತ್ತು. ಸತ್ತವನು ತಮ್ಮ ಪರವಾಗಿ ಆಗಲೇ ಸುಳ್ಳು ಹೇಳಿದ್ದಾನೆ, ಅದನ್ನು ಹಿಡಿದುಕೊಂಡರೆ ಸಾಕು ಅನ್ನಿಸಿತು. "ಚೆನ್ನಾಗಿದೆ ಅಂತ ಬರೆದಿದೀನಮ್ಮ" ಎಂದರು.

ವೆಂಕಟರತ್ನಮ್ಮನ ಮುಖ ಅರಳಿತು. ಮತ್ತೆ ತಟ್ಟೆಯ ಕಡೆ ತಿರುಗಿದಳು. "ಅದೇ ನಂಗೆ ತಿಳೀಲಿಲ್ಲ ನೋಡಿ. ಮೆಚ್ಕೊಂಡಿದ್ರೆ ಇನ್ನೊಂದು ಹಾಡ್ಬೇಕಿತ್ತಲ್ವಾ. ಅವತ್ತು ಬಸ್ಸಿನ ಹತ್ರದಿಂದ ಬಂದೋರು ಟೇಪನ್ನ ಟವಲಲ್ಲಿ ಸುತ್ತಿ ಅಟ್ಟದ ಮೇಲಿಟ್ರು. ಆಮೇಲೆ ಮುಟ್ಟಲಿಲ್ಲ. ಮುತ್ಯಾಲಮ್ಮನ್ನೂ ಹಾಕ್ಲಿಲ್ಲ. ನಾನೇ ಏನೋ ಅಂದ್ನೇನೋ ಅಂತ ಅಂದ್ಕೊಂಡಿದೀನಿ. ನಿಮಗ್ಯಾತಕ್ಕೆ ಹಾಡು ಈ ವಯಸ್ಸಲ್ಲಿ ಅಂದಿದ್ದೆ ಒಂದಿನ, ತಮಾಷೆಗೆ. ಅದಕ್ಕೇ ಇರ್ಬೇಕು."

ಹುಳುಗಳು ತಿನ್ನುತ್ತಿದ್ದವು. ಚನ್ನರಾಯಪ್ಪನವರು ಕಾರ್ಡನ್ನೇ ನೋಡುತ್ತಿದ್ದರು. ತನ್ನದಲ್ಲದ ತಪ್ಪೊಂದನ್ನು ಈ ಹೆಂಗಸು ಇಷ್ಟು ತಿಂಗಳಿಂದ ಹೊತ್ತುಕೊಂಡು ಸೊಪ್ಪು ಹಾಕುತ್ತಿದ್ದಾಳೆ. ಮನಸ್ಸಿನಲ್ಲಿ ಸ್ವಾಮಿಯ ಹೆಸರು ತಂದುಕೊಳ್ಳಲು ನೋಡಿದರು, ಬರಲಿಲ್ಲ. "ನೀನಲ್ಲಮ್ಮ" ಎಂದರು. "ನಾನು. ಇಲ್ಲಿ ಬರೆದಿರೋದು ಅದಲ್ಲ. ಶ್ರುತಿ ಇಲ್ಲ, ಇವರನ್ನು ಇನ್ನು ಕಳಿಸಬೇಡಿ ಅಂತ ಬರೆದಿದೀನಿ. ಕೇಳಿ ಬರೆದಿದ್ದೂ ಅಲ್ಲ. ನಾನು ಆ ಕ್ಯಾಸೆಟ್ಟು ಹಾಕಲೇ ಇಲ್ಲ. ಕೊನೇದು ಮುತ್ಯಾಲಮ್ಮಂದೇ ಅಂತ ಕಣ್ಣು ಮುಚ್ಕೊಂಡು ಬರೆದೆ."

ಅವಳ ಕೈ ನಿಂತಿತು. ಒಂದು ಹುಳು ತಟ್ಟೆಯ ಅಂಚಿಗೆ ಬಂದು ತಲೆ ಆಡಿಸುತ್ತಿತ್ತು. ಅದನ್ನು ಎತ್ತಿ ಎಲೆಯ ಮೇಲೆ ಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಚನ್ನರಾಯಪ್ಪನವರಿಗೆ ಅನ್ನಿಸಿತು. ಎದ್ದು ಹೋಗಿಬಿಡೋಣವೆಂದು ಕೈ ಊರಿದರು.

"ಹಂಗಾದ್ರೆ ನೀವೂ ಕೇಳಿಲ್ಲ" ಎಂದಳು.

"ಇಲ್ಲಮ್ಮ."

"ಕೂತ್ಕೊಳ್ಳಿ." ಅವಳು ಹೊರಗೆ ಹೋದಳು. ಬರುವಾಗ ಕಂಕುಳಲ್ಲಿ ಟವಲು ಸುತ್ತಿದ ಟೇಪ್ ರೆಕಾರ್ಡರು, ಮಡಿಲಲ್ಲಿ ನಾಲ್ಕು ಬ್ಯಾಟರಿ ಸೆಲ್ಲುಗಳಿದ್ದವು. "ನೀವು ಬರ್ತೀರ ಅಂತ ಬೆಳಗ್ಗೆಯಿಂದ ಬಿಸಿಲಿಗೆ ಇಟ್ಟಿದ್ದೆ. ಸ್ವಲ್ಪ ಜೀವ ಬಂದಿರ್ತದೆ. ನಂಗೆ ಹಾಕಕ್ಕೆ ಬರಲ್ಲ, ನೀವೇ ಹಾಕಿ."

ಸೆಲ್ಲುಗಳು ಕೈಗೆ ಬೆಚ್ಚಗಿದ್ದವು. ಚನ್ನರಾಯಪ್ಪನವರು ಐದು ಹಾಡುಗಳನ್ನು ದಾಟಿಸಿ ಕೊನೆಯದಕ್ಕೆ ತಂದರು. ಮೊದಲು ಬರೀ ಹುಳುಗಳ ಸದ್ದು. ಪೆಟ್ಟಿಗೆಯೊಳಗಿನ ಹುಳುಗಳು ತಟ್ಟೆಯ ಹುಳುಗಳಿಗಿಂತ ಕೊಂಚ ನಿಧಾನವಾಗಿ ತಿನ್ನುತ್ತಿದ್ದವು. ಒಂದು ಕೆಮ್ಮು. ಆಮೇಲೆ ಹಾಡು. ಸೆಲ್ಲಿನಲ್ಲಿ ಬಲವಿಲ್ಲದೆ ದನಿ ಇನ್ನೂ ದಪ್ಪವಾಗಿತ್ತು, ಶ್ರುತಿಯಂತೂ ಇರಲೇ ಇಲ್ಲ. ಮಲಗಿದ ಸ್ವಾಮಿಯನ್ನು ಊಟಕ್ಕೆ ಎಬ್ಬಿಸುವ ಹಾಡು. ತೆಲುಗಿನ ಪದಗಳು ಅಲ್ಲಲ್ಲಿ ಮುರಿದಿದ್ದವು. ಉಣ್ಣುತ್ತ ಕೂತು ಕಿವಿಯಲ್ಲಿ ಹಿಡಿದುಕೊಂಡದ್ದು, ಯಾರನ್ನೂ ಕೇಳಿ ಕಲಿತದ್ದಲ್ಲ. ಆದರೆ ಏರುವ ಕಡೆ ಅವಳಂತೆಯೇ ಏರುತ್ತಿತ್ತು, ಇಳಿಯುವ ಕಡೆ ಅವಳಂತೆಯೇ ಬೇಜಾರಿಲ್ಲದೆ ಇಳಿಯುತ್ತಿತ್ತು. ಎರಡನೆಯ ಸಾಲಿನ ನಡುವೆ ಹಾಡು ಇದ್ದಕ್ಕಿದ್ದಂತೆ ನಿಂತಿತು. ವೆಂಕಟರತ್ನಮ್ಮ, ಸೆಲ್ಲು ಹೋಯಿತೇನೋ ಎಂದು ಮುಂದೆ ಬಗ್ಗಿದಳು. ಹೋಗಿರಲಿಲ್ಲ. ಹುಳುಗಳ ಸದ್ದು ಬರುತ್ತಲೇ ಇತ್ತು. ಚನ್ನರಾಯಪ್ಪನವರಿಗೆ ಆ ಜಾಗ ಗೊತ್ತಿತ್ತು. ಭಾರತಮ್ಮ ಅಲ್ಲಿ ಹಾಡು ನಿಲ್ಲಿಸಿ, ಸೌಟು ಹಿಡಿದು, ಇಂಕೊಕಟಿ ಪೆಟ್ಟೇದಾ ಎಂದು ಕೇಳುತ್ತಿದ್ದಳು, ಇನ್ನೊಂದು ಮುದ್ದೆ ಇಡಲಾ ಎಂದು. ಎಲೆಯ ಮುಂದೆ ಕೂತವರು ಬೇಕು ಬೇಡ ಹೇಳುವವರೆಗೆ ಕಾದು ಮುಂದಿನ ಮಾತಿಗೆ ಹೋಗುತ್ತಿದ್ದಳು. ಮುನಿರಾಮಪ್ಪ ಆ ನಿಲುಗಡೆಯನ್ನೂ ಹಾಡಿನ ಭಾಗವೆಂದೇ ಕಲಿತಿದ್ದರು. ಕಾಯುತ್ತಿದ್ದರು.

"ಚಾಲು" ಎಂದರು ಚನ್ನರಾಯಪ್ಪನವರು, ಅವಳ ತೆಲುಗಿನಲ್ಲೇ, ಸಾಕು ಎಂದು.

ಹಾಡು ಮುಂದುವರಿಯಿತು.

"ಏನಣ್ಣ?" ಎಂದಳು ವೆಂಕಟರತ್ನಮ್ಮ.

"ಏನಿಲ್ಲಮ್ಮ."

ಮುಗಿದ ಮೇಲೆ ಇನ್ನೊಂದು ಕೆಮ್ಮು ಇತ್ತು. ಆಮೇಲೆ ಯಾರೋ ಬಾಗಿಲು ತಟ್ಟಿದ ಸದ್ದು, ಮುನಿರಾಮಪ್ಪನ ಮಾತು: "ಬಂದೆ ಇರೇ, ಆಯ್ತು." ವೆಂಕಟರತ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಅದು ನಾನು ತಟ್ಟಿದ್ದು" ಎಂದಳು. ಸೆರಗು ಇಳಿಸಿ, "ಶ್ರುತಿ ಇಲ್ಲ ಅಲ್ವಾ ಅಣ್ಣ" ಎಂದಳು.

"ಇಲ್ಲಮ್ಮ."

"ನೀವು ಬರೆದಿದ್ದೇನೂ ಸುಳ್ಳಲ್ಲ ಬಿಡಿ. ಎರಡನೇ ಮಾತು ಬರೀಬಾರದಿತ್ತು." ಅಷ್ಟು ಹೇಳಿ ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಚೀಲ ಹಿಡಿದು ಹೊರಡುವಾಗ ಚನ್ನರಾಯಪ್ಪನವರು ಆ ಕ್ಯಾಸೆಟ್ಟನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ. ಯಾವ ಗುಂಡಿ ಒತ್ತಬೇಕು, ಹಿಂದಕ್ಕೆ ಸುತ್ತುವುದು ಹೇಗೆ ಎಂದು ಅವಳಿಗೆ ಎರಡು ಸಲ ತೋರಿಸಿಕೊಟ್ಟರು. ಅವಳು ಕಾರ್ಡನ್ನು ಮಾತ್ರ ಹಿಂದಕ್ಕೆ ಕೊಟ್ಟಳು. "ಇದು ನೀವೇ ಇಟ್ಕೊಳ್ಳಿ, ನಂಗೆ ಓದಕ್ಕೆ ಬರಲ್ಲ." ಅದರಲ್ಲಿ ಕೋಪವಿತ್ತೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ಬಾಳೆಹಣ್ಣು ಕೊಡುವುದನ್ನು ಮರೆತದ್ದು ಬೀದಿಯ ತಿರುವಿಗೆ ಬಂದ ಮೇಲೆ ನೆನಪಾಯಿತು. ಮರಳಿ ಹೋಗಿ, ಹೊರಗಿನ ಜಗುಲಿಯ ಮೇಲಿಟ್ಟು, ಕೂಗದೆ ಬಂದರು. ಒಳಗಿನಿಂದ ಹುಳುಗಳ ಸದ್ದು ಬರುತ್ತಿತ್ತು. ಪೆಟ್ಟಿಗೆಯದೋ ತಟ್ಟೆಯದೋ ಹೇಳಲಾಗುತ್ತಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಜನ ಕಡಮೆಯಿದ್ದರು. ಚನ್ನರಾಯಪ್ಪನವರು ಕಾರ್ಡನ್ನು ಮೊಣಕಾಲ ಮೇಲಿಟ್ಟುಕೊಂಡು ಜೇಬಿನಿಂದ ಪೆನ್ನು ತೆಗೆದರು. ತಾವು ಬರೆದದ್ದನ್ನು ಹೊಡೆದುಹಾಕಬೇಕೆಂದು ಪೆನ್ನು ಊರಿದರು. ಹೊಡೆಯಲಿಲ್ಲ. ಕೇಳದೆ ಬರೆದದ್ದಕ್ಕೆ ಕೇಳಿದ ಮೇಲೆ ಗೀರು ಎಳೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಆರು ಎಂಬ ಅಂಕಿಯ ಮುಂದಿನ ಖಾಲಿ ಜಾಗಕ್ಕೆ ಪೆನ್ನನ್ನು ತಂದು, ಬಸ್ಸು ಕುಲುಕುವುದರ ನಡುವೆ ಒಂದೊಂದೇ ಅಕ್ಷರ ಕೂರಿಸುತ್ತ, ಮುನಿರಾಮಪ್ಪ ಎಂದು ಬರೆದರು.

ಕದಿರೇಶ ಟಿಕೆಟ್ಟಿಗೆ ಬಂದು ಸೀಟಿಗೆ ಒರಗಿ ಬಗ್ಗಿ ನೋಡಿದ. "ಯಾರು ಸ್ವಾಮಿ, ಹೊಸಬರಾ ಹಾಡಿರೋದು?"

"ಹ್ಞೂಂ" ಎಂದರು ಚನ್ನರಾಯಪ್ಪನವರು. "ಹೊಸಬರು."

"ಹೆಂಗೆ ಹಾಡ್ತಾರೆ?"

ಅವರು ಉತ್ತರ ಹೇಳಲು ಬಾಯಿ ತೆರೆದರು. ಬಸ್ಸು ಹಳ್ಳಕ್ಕೆ ಇಳಿಯಿತು. ಎದ್ದ ಮೇಲೂ ಕದಿರೇಶ ಅಲ್ಲೇ ನಿಂತು, ಅವರು ಹೇಳುವುದನ್ನು ಕಾಯುತ್ತಿದ್ದ.